ಗಿಳಿಯೂ ಇಲಿಹಕ್ಕಿಯೂ

ಸೇಲಂ ನಗರದಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದ ತಾರಮಂಗಲಂ ಕ್ಷೇತ್ರಕ್ಕೆ ಹೋದವರಾರೂ ಅಲ್ಲಿಯ ಕೈಲಾಸನಾಥನ ಗುಡಿಯ ಕಲ್ಲುಗೆಲಸವನ್ನು ಕೊಂಡಾಡದೆ ಹಿಂದಿರುಗರು. ಗಟ್ಟಿ ಮುದಲಿಗಳೆಂಬ ಪಾಳೆಯಗಾರರ ಹೆಸರಿನೊಡನೆ ಬೆಸೆದ ಗುಡಿಯಿದು. ಮರೆಯಲ್ಲಿ ನಿಂತ ರಾಮನ ಕಡೆಯಿಂದ ವಾಲಿ ಕಾಣುವನು. ವಾಲಿಯ ಕಡೆಯಿಂದ ರಾಮನು ಕಾಣನು. ನಮ್ಮನ್ನು ಹೆಚ್ಚಾಗಿ ತಡೆದು ನಿಲ್ಲಿಸಿದುದು ರತಿ-ಮನ್ಮಥರ ಶಿಲ್ಪ. ಮನ್ಮಥನಿಗೆ ಗಿಳಿಯೇ ವಾಹನವಷ್ಟೆ!

ಅಷ್ಟರಲ್ಲಿ ಗೋಪುರದ ಮೇಲಿಂದ ಜೀವಂತ ಗಿಳಿಗಳೇ ಕೂಗಿದವು. ನಮ್ಮೊಡನಿದ್ದ ನೇಕಾರರ ಮನೆಯ ಬಾಲಕನು “ಕಿಳಿ, ಕಿಳಿ!” ಎಂದು ಕುಣಿದಾಡಿದನು. “ಗಿಣಿ ಅನ್ನು ಕಂದಾ” ಎಂದು ಅವನ ಅಜ್ಜಿ ತಿದ್ದಿದರು. ಶಾಲೆಯ ತಮಿಳಿನಲ್ಲಿ ಕ-ಗಗಳಿಗೆ ಒಂದೇ ಅಕ್ಷರ. ಮನೆಯ ಕನ್ನಡ ಆ ಅಜ್ಜಿಯ ನಾಲಗೆಯ ಮೇಲೆಯೇ ಉಳಿಯಬೇಕು. ಮಲೆಯಾಳದಲ್ಲಿ ‘ಕಿಳಿ’ ಎಂದರೆ ಯಾವ ಹಕ್ಕಿಯೂ ಆದೀತು, ಗಿಳಿಗೆ ‘ತತ್ತ’ ಎಂಬ ಬೇರೆ ಹೆಸರುಂಟು ಎಂಬುದನ್ನು ಕಾಸರಗೋಡಿನ ವಾಚಕರು ಬಲ್ಲರು.

ಉದ್ದ ಬಾಲದ, ಹಣ್ಣು-ಕಾಳು ತಿನ್ನುವ ಈ ಹಕ್ಕಿ ನಮ್ಮ ದೇಶದ್ದು ಮಾತ್ರವಲ್ಲ. ಆಫ್ರಿಕದ ಸೆನೆಗಲ್‌ನಿಂದ ಇಥಿಯೋಪಿಯದವರೆಗೂ ಇದೇ ಜಾತಿ ನೆಲೆಸಿದೆ. 1769ರಲ್ಲಿ ಸ್ಕೋಪೊಲಿ ಎಂಬ ವಿಜ್ಞಾನಿ ಇದಕ್ಕೆ ಶಾಸ್ತ್ರೀಯ ನಾಮವಿಟ್ಟಾಗ ಕ್ರಾಮರ್ ಎಂಬ ನಿಸರ್ಗಶಾಸ್ತ್ರಜ್ಞನನ್ನು ಸ್ಮರಿಸಿದನು. ಕೊರಳ ಕೆಂಪು ಪಟ್ಟಿ ಗಂಡಿಗೆ ಮಾತ್ರ. ಪಾಪ, ಹೆಣ್ಣಿಗೆ ಆ ಆಭರಣವಿಲ್ಲ!

ಅದೇ ಆಫ್ರಿಕದಲ್ಲಿ ಇನ್ನೊಂದು ಉದ್ದಬಾಲದ ಫಲಾಹಾರಿಯುಂಟು. ದಕ್ಷಿಣದಲ್ಲಿ ನೆಲೆಸಿದ ಡಚ್ಚರ ಸಂತತಿಯವರು ಅದನ್ನು ‘ಇಲಿಹಕ್ಕಿ’ ಎಂಬರ್ಥದ ಮಾತಿನಿಂದ ಕರೆದರು; ಇಂಗ್ಲಿಷಿನಲ್ಲಿಯೂ ಅದು ‘ಮೌಸ್‌ಬರ್ಡ್’. ಮೈಯ ಗರಿ ಕೂದಲಿನಂತೆ ಮೃದು, ಬಣ್ಣ ಬೂದು ಇಲ್ಲವೆ ಕಂದು. ಪೊದೆಯ ಕೊಂಬೆಗಳಲ್ಲಿ ಇಲಿಯಂತೆಯೇ ಹರಿದಾಡುತ್ತದೆ. ಬಾಲವೋ ಮೈಗಿಂತ ಎಷ್ಟೋ ಉದ್ದ. ಹೊರಬೆರಳುಗಳನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಬಲ್ಲುದಾದ್ದರಿಂದ ತಲೆಕೆಳಗಾಗಿ ತೂಗುವುದೂ ಅದಕ್ಕೆ ಸುಲಭ. ಬೆಳಗಿನ ಬಿಸಿಲಿಗೆ ಹೊಟ್ಟೆಯೊಡ್ಡಿ ನೇತಾಡುವುದು ಅದರ ವಾಡಿಕೆ. ಇಂದು ಬದುಕಿರುವ ಆರು ಜಾತಿಗಳೂ ಆಫ್ರಿಕದಲ್ಲಿಯೇ ಇವೆ. ಆದರೆ ಪೂರ್ವಜರ ಪಳೆಯುಳಿಕೆಗಳು ಯುರೋಪಿನಲ್ಲಿ ದೊರೆತಿವೆ. ಇಲಿಯೆಂಬ ಹೆಸರು ಹಕ್ಕಿಗೆ ಅವಮಾನವೆಂದು ಕೆಲವರಿಗೆ ತೋರೀತು. ನೋಡಿದ್ದನ್ನು ನೋಡಿದಂತೆ ಹೇಳಿದ ಹೆಸರಾದ್ದರಿಂದ ನಮಗೇನೋ ಅದೇ ಪ್ರಿಯ.

ಗಿಳಿಗಾದರೋ ವಾಹನಪದವಿಯೂ ಉಂಟು, ಪಂಜರವೂ ಉಂಟು. ಚೀಟಿಯೆತ್ತಿ ಭವಿಷ್ಯ ಹೇಳಲು ಅದನ್ನು ಕೂಡಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ನಾವು ಇದನ್ನು ತಿಳಿಸಿದಾಗ ಅಜ್ಜಿ, “ಹಾಗಾದರೆ ಗೋಪುರದ್ದೇ ಸಾಕು” ಎಂದು ಮೊಮ್ಮಗನ ಕೈಹಿಡಿದು ಹೊರಟರು. ದಾರಿಯುದ್ದಕ್ಕೂ ಅವನು ಒಮ್ಮೆ ಕಿಳಿಯೆನ್ನುತ್ತಿದ್ದನು, ಒಮ್ಮೆ ಗಿಣಿಯೆನ್ನುತ್ತಿದ್ದನು.