ಚಲಿಸುವ ಮನೆಯಲ್ಲಿ ಒಂದು ಚಳಿಯ ರಾತ್ರಿ

ಬಾಲ್ಯದಿಂದಲೂ ಮಠದ ಪ್ರಸಾದವನ್ನುಂಡು, ಮಠದ ನೆರಳಿನಲ್ಲಿ ಅಕ್ಷರ ಕಲಿತ ನನಗೆ ‘ಜಂಗಮ’ ಎಂಬ ಪದವನ್ನು ಕುರಿತು ಹಲವು ವೇದಿಕೆಗಳಲ್ಲಿ ಮಾತನಾಡುವ ಅವಕಾಶ ದೊರೆತಿದೆ. ಸ್ಥಾವರವೆಂದರೆ ನಿಂತದ್ದು, ಜಂಗಮವೆಂದರೆ ಚಲಿಸುವಂಥದ್ದು, ಅರಿವೇ ಅದರ ಪ್ರಾಣವೆಂದು ವಿವರಿಸಿದ್ದೇನೆ. ಆದರೆ ನಿಜವಾಗಿಯೂ ಚಲಿಸುವ ಮನೆಯೊಂದರಲ್ಲಿ ಮಲಗಿ, ಹತ್ತು ವರ್ಷದ ಬಾಲೆಯ ಮುಂದೆ ನಾನೇ ವಿದ್ಯಾರ್ಥಿಯಾಗಬೇಕಾದ ಪ್ರಸಂಗವೊಂದು ಒದಗಿತು. ಅದನ್ನು ಶರಣಬಂಧುಗಳ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

2019ರ ಜನವರಿಯಲ್ಲಿ ನನ್ನ ಅಕ್ಕನ ಮಗ ನನ್ನನ್ನು ಇಂಗ್ಲೆಂಡಿಗೆ ಕರೆಸಿಕೊಂಡಿದ್ದ. ಅವನು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವೈದ್ಯ. ಲಂಡನ್ನಿನ ಥೇಮ್ಸ್ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ದರ್ಶನ ಪಡೆದು ಅವನ ಮನೆಗೆ ಬಂದಾಗ, ಅಂಗಳದಲ್ಲಿ ಬಿಳಿಯ ಬಣ್ಣದ ದೊಡ್ಡ ಗಾಡಿಯೊಂದು ನಿಂತಿತ್ತು. ಅದಕ್ಕೆ ಕ್ಯಾರವಾನ್ ಎಂದು ಹೆಸರು. ಸ್ವಂತ ಎಂಜಿನ್ ಇಲ್ಲ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯಬೇಕು. ಒಳಗೆ ಮಲಗಲು ಹಾಸಿಗೆ, ಅಡುಗೆಗೆ ಗ್ಯಾಸಿನ ಒಲೆ, ಮೂಲೆಯಲ್ಲೊಂದು ಪುಟ್ಟ ಸ್ನಾನಗೃಹ.

“ಇಟ್ಟಿಗೆಯ ಮನೆ ಇರುವಾಗ ಚಕ್ರದ ಮನೆ ಏತಕಪ್ಪ? ಇದು ದುಂದುವೆಚ್ಚವಲ್ಲವೆ?” ಎಂದು ಹಿರಿತನದ ಗತ್ತಿನಿಂದಲೇ ಕೇಳಿದೆ. ಅವನು ನಕ್ಕು, “ಮಾವಾರ, ಇದು ಹಳೇದು ಕೊಂಡದ್ದರೀ. ನಾವು ಸಣ್ಣವರಿದ್ದಾಗ ಕೊಲ್ಲಾರಿ ಬಂಡ್ಯಾಗ ಜಾತ್ರಿಗೆ ಕರಕೊಂಡು ಹೋಗತಿದ್ದವರು ನೀವ ಅಲ್ಲೇನು? ಇದೂ ಅಂಥಾದ್ದ ಒಂದು ಬಂಡಿ ಅಂತ ತಿಳೀರಿ” ಎಂದ.

ಅವನ ಮಾತಿನಲ್ಲಿ ಸತ್ಯವಿತ್ತು. ಈ ಗಾಡಿಗಳ ಮೂಲವೂ ಪ್ರಾಣಿಗಳು ಎಳೆಯುವ ಬಂಡಿಯೇ. ನೌಕಾದಳದಲ್ಲಿ ವೈದ್ಯರಾಗಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬವರು 1885ರಲ್ಲಿ ಬ್ರಿಸ್ಟಲ್ಲಿನ ಕಾರ್ಖಾನೆಯಲ್ಲಿ ಇಂಥದೊಂದು ಗಾಡಿ ಮಾಡಿಸಿ, ‘ವಾಂಡರರ್’, ಅಂದರೆ ಅಲೆಮಾರಿ, ಎಂದು ಹೆಸರಿಟ್ಟು, ಎರಡು ಕುದುರೆ ಕಟ್ಟಿಕೊಂಡು ಸ್ಕಾಟ್ಲೆಂಡಿನವರೆಗೆ ಸಂಚರಿಸಿದರು. 1907ರಲ್ಲಿ ಕ್ಯಾರವಾನ್ ಒಡೆಯರ ಸಂಘವೊಂದು ಹುಟ್ಟಿತು. ಕಾರಿನಿಂದ ಎಳೆಯುವ ಗಾಡಿಗಳನ್ನು ಎಕ್ಲ್ಸ್ ಎಂಬ ಕಂಪನಿ 1919ರಲ್ಲಿ ಇದೇ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಿಸತೊಡಗಿತು.

ಆ ತಿಂಗಳ ಕೊನೆಯ ವಾರ, ಮೊಮ್ಮಗಳ ಹಟಕ್ಕೆ ಮಣಿದು, ಡರ್ಬಿಷೈರಿನ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿಗೆ ನಾವು ನಾಲ್ವರೂ ಹೊರಟೆವು. ಗಾಡಿಗಳು ತಂಗಲೆಂದೇ ಇರುವ ಬಯಲಿನಲ್ಲಿ ನಮಗೊಂದು ಜಾಗ ದೊರೆಯಿತು. ಆ ಕುಟುಂಬ ಅಲ್ಲಿ ನಡೆದುಕೊಂಡ ಶಿಸ್ತನ್ನು ಕಂಡು ನನ್ನ ‘ದುಂದುವೆಚ್ಚ’ದ ಮಾತು ನನಗೇ ಹಗುರವೆನಿಸಿತು. ನೀರನ್ನು ಪೀಪಾಯಿಯಲ್ಲಿ ತುಂಬಿ ಉರುಳಿಸಿಕೊಂಡು ತರಬೇಕು. ಅದು ಹೆಪ್ಪುಗಟ್ಟದಂತೆ ಹೊದಿಕೆ ಸುತ್ತಬೇಕು. ವಿದ್ಯುತ್ತು ಹತ್ತು ಆಂಪಿಯರಿನಷ್ಟು ಮಾತ್ರ, ಅಂದರೆ ಸುಮಾರು 2,300 ವ್ಯಾಟ್. ಕೋಣೆ ಕಾಯಿಸುವ ಯಂತ್ರವನ್ನೂ ನೀರು ಕಾಯಿಸುವ ಕೆಟಲನ್ನೂ ಒಟ್ಟಿಗೆ ಹಚ್ಚಿದರೆ ಸ್ವಿಚ್ಚು ತಾನಾಗಿಯೇ ಬೀಳುತ್ತದೆ. ಒಬ್ಬರಿಗೆ ಚಹ ಬೇಕಾದರೆ ಉಳಿದವರು ಕೆಲ ನಿಮಿಷ ಚಳಿ ಸಹಿಸಬೇಕು.

ಗಾಡಿಯ ಗ್ಯಾಸಿನ ಸಿಲಿಂಡರು ಕೆಂಪು ಬಣ್ಣದ್ದಾಗಿತ್ತು. ಕಾರಣ ಕೇಳಿದೆ. ನಮ್ಮ ಅಡುಗೆಮನೆಯ ಗ್ಯಾಸಿನಲ್ಲಿ ಬ್ಯುಟೇನ್ ಮತ್ತು ಪ್ರೊಪೇನ್ ಎಂಬ ಎರಡೂ ಅನಿಲಗಳು ಬೆರೆತಿರುತ್ತವೆ. ಅಲ್ಲಿ ಅವು ಬೇರೆಬೇರೆಯಾಗಿಯೂ ಸಿಗುತ್ತವೆ. ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅನಿಲವಾಗದೆ ದ್ರವವಾಗಿಯೇ ಉಳಿದುಬಿಡುತ್ತದೆ. ಪ್ರೊಪೇನ್ ಆದರೋ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಅನಿಲವಾಗಬಲ್ಲುದು. ಆದ್ದರಿಂದ ಚಳಿಗಾಲಕ್ಕೆ ಪ್ರೊಪೇನೇ ಗತಿ.

ರಾತ್ರಿ ಹೊರಗೆ ಹುಲ್ಲೆಲ್ಲ ಬೆಳ್ಳಗಾಯಿತು. ಅಕ್ಕ ಕೊಟ್ಟು ಕಳಿಸಿದ್ದ ಕೌದಿಯನ್ನು ಹೊದ್ದು ಮಲಗಿದರೂ ಬಾಗಿಲ ಬಳಿ ನೆಲದ ಜಾಲರಿಯಿಂದ ತಣ್ಣನೆಯ ಗಾಳಿ ಬಂದು ಕಾಲಿಗೆ ತಾಕುತ್ತಿತ್ತು. ನಾನು ಎದ್ದು, ನನ್ನ ಶಾಲನ್ನು ಮಡಚಿ ಆ ಜಾಲರಿಗೆ ತುರುಕಿ, ಜಾಣತನ ಮಾಡಿದೆನೆಂಬ ತೃಪ್ತಿಯಿಂದ ಮಲಗಿದೆ. ಸ್ವಲ್ಪ ಹೊತ್ತಿನಲ್ಲೇ ನೀರು ಕುಡಿಯಲೆಂದು ಎದ್ದ ಮೊಮ್ಮಗಳು ಅದನ್ನು ಕಂಡು ಗಾಬರಿಯಿಂದ ಶಾಲನ್ನು ಎಳೆದುಹಾಕಿದಳು. “ಅಜ್ಜಾ, ಇದನ್ನ ಮುಚ್ಚಬಾರದರೀ. ಇದು ನಮ್ಮ ಗಾಡಿಯ ಮೂಗು” ಎಂದಳು.

ಮಾತು ಕೇಳಿ ಅಳಿಯನೂ ಎದ್ದ. ಕೋಣೆ ಕಾಯಿಸುವ ಯಂತ್ರ ತನಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುತ್ತದೆ. ಆದರೆ ಅಡುಗೆಯ ಒಲೆ ಒಳಗಿನ ಗಾಳಿಯನ್ನೇ ಉಣ್ಣುತ್ತದೆ. ಗ್ಯಾಸು ಸೋರಿದರೆ ಅದು ಗಾಳಿಗಿಂತ ಭಾರವಾದ್ದರಿಂದ ನೆಲದ ಕಿಂಡಿಯಿಂದಲೇ ಇಳಿದುಹೋಗಬೇಕು. ನಾಲ್ವರ ಉಸಿರಿನ ತೇವ ಹೊರಹೋಗದಿದ್ದರೆ ಗೋಡೆಯ ಕಟ್ಟಿಗೆ ಕೊಳೆಯುತ್ತದೆ. ಎಲ್ಲಕ್ಕಿಂತ ಮಿಗಿಲಾದ ಭಯ ಕಾರ್ಬನ್ ಮಾನಾಕ್ಸೈಡಿನದು. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಹುಟ್ಟುವ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. “ಮೊದಲು ತಲೆಶೂಲಿ, ಆಮೇಲೆ ವಾಂತಿ. ಮಲಗಿದವರಿಗೆ ಎಚ್ಚರಾನೇ ಆಗೂದಿಲ್ಲರೀ ಮಾವಾರ” ಎಂದು, ಗೋಡೆಯ ಮೇಲಿದ್ದ ಎಚ್ಚರಿಕೆಯ ಗಂಟೆಯನ್ನು ತೋರಿಸಿ, ಅವನು ಮಲಗಿದ. ನನಗೆ ಮಾತ್ರ ನಿದ್ದೆ ಬರಲಿಲ್ಲ.

ನಾನು ಓದುತ್ತಿದ್ದ ಪ್ರಸಾದನಿಲಯದಲ್ಲಿ ಒಂದು ಪುಷ್ಯಮಾಸದ ರಾತ್ರಿ ನಾವು ನಾಲ್ವರು ಹುಡುಗರು ಒಂದೇ ಕೋಣೆಯಲ್ಲಿದ್ದೆವು. ಒಬ್ಬನಿಗೆ ಜ್ವರ; ಗಡಗಡ ನಡುಗುತ್ತಿದ್ದ. ಅವನಿಗೆ ಬೆಚ್ಚಗಾಗಲೆಂದು ಅಡುಗೆಮನೆಯಿಂದ ಬಾಣಲೆಯಲ್ಲಿ ಇದ್ದಿಲ ಕೆಂಡ ತಂದಿಟ್ಟೆವು. ಇದ್ದ ಒಂದೇ ಕಿಟಕಿಗೆ ಗೋಣಿಚೀಲ ತುರುಕಿದವನು ನಾನು. ಬೆಳಗ್ಗೆ ಮೂವರು ತಲೆ ಸಿಡಿಯುತ್ತ, ವಾಂತಿ ಮಾಡುತ್ತ ಎದ್ದೆವು. ಅವನು ಏಳಲಿಲ್ಲ. ಜ್ವರ ಹೆಚ್ಚಾಗಿ ಲಿಂಗೈಕ್ಯನಾದನೆಂದು ಎಲ್ಲರೂ ಹೇಳಿದರು. ಶಿವನ ಇಚ್ಛೆಯೆಂದು ನಾನೂ ನಂಬಿದೆ. ಜ್ವರವೇ ಕಾರಣವಾಗಿದ್ದಿರಬಹುದು. ಆದರೆ ಜ್ವರವಿಲ್ಲದ ನಮ್ಮ ಮೂವರ ತಲೆ ಏಕೆ ಸಿಡಿಯಿತೆಂದು ಅಂದು ಯಾರೂ ಕೇಳಲಿಲ್ಲ. ಸುಮಾರು ಐವತ್ತು ವರ್ಷ ಶಿವನ ಹೆಸರಿಗೆ ಹಚ್ಚಿ ನೆಮ್ಮದಿಯಿಂದಿದ್ದ ಪ್ರಶ್ನೆ, ಆ ರಾತ್ರಿ ನನ್ನ ಕೈಯಲ್ಲಿದ್ದ ಶಾಲಿನ ರೂಪದಲ್ಲಿ ಮರಳಿ ಬಂದಿತ್ತು.

ನಸುಕಿನಲ್ಲಿ ಎದ್ದು, ವಿಭೂತಿ ಧರಿಸಿ, ಆ ಇಕ್ಕಟ್ಟಿನಲ್ಲೇ ಇಷ್ಟಲಿಂಗ ಪೂಜೆಗೆ ಕುಳಿತೆ. ಗುಡಿಯಿಲ್ಲದ ಕಡೆಯಲ್ಲೂ ಕೊರತೆಯೆನಿಸದ ಪೂಜೆ ನಮ್ಮದು. ಕರಸ್ಥಲದ ಲಿಂಗವನ್ನು ನೋಡುತ್ತ ಆ ಗೆಳೆಯನನ್ನು ನೆನೆದೆ, ಕ್ಷಮೆ ಬೇಡಿದೆ. ನೆಲದ ಜಾಲರಿಯಿಂದ ತಣ್ಣನೆಯ ಗಾಳಿ ಬರುತ್ತಲೇ ಇತ್ತು. ಈಗ ಅದು ಚಳಿಯೆನಿಸದೆ ಉಸಿರೆನಿಸಿತು.

ಊರಿಗೆ ಮರಳಿದ ಮೇಲೆ ನಮ್ಮ ಮನೆಗಳನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ. ಗಾಳಿ ತಾಗಬಾರದೆಂದು ಬಾಣಂತಿಯ ಕೋಣೆಯ ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಪಟ್ಟಣಗಳಲ್ಲಿ ಕಿಂಡಿಯೂ ಇಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನ ಮಾಡುತ್ತಾರೆ. ಇದರಿಂದ ಪ್ರಾಣ ಹೋದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೆ: ತಾಯಿ ಮಗುವನ್ನು ಬಟ್ಟೆಯಿಂದ, ಕೌದಿಯಿಂದ ಬೆಚ್ಚಗಿಡಿರಿ, ಮಲಗುವ ಕೋಣೆಯಲ್ಲಿ ಕೆಂಡವನ್ನಿಡಬೇಡಿರಿ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಿರಿ. ಬೆಂಕಿಯಿರುವ ಕಡೆ ತಲೆ ನೋಯತೊಡಗಿದರೆ ತಡಮಾಡದೆ ಎಲ್ಲರೂ ಹೊರಗೆ ಬನ್ನಿರಿ.

ಕಿಂಡಿಯನ್ನು ಮುಚ್ಚಿದ ಕೈ ನನ್ನದು. ಅದನ್ನು ತೆರೆದ ಪುಟ್ಟ ಕೈಗೆ ನಾನು ಋಣಿ. ಅರಿವು ಹೇಳಿದವರು ವಯಸ್ಸಿನಲ್ಲಿ ಕಿರಿಯರಾದರೂ ಗುರುಗಳೇ ಸರಿ. ಆ ಮಗುವಿಗೂ, ಏಳದೆ ಹೋದ ನನ್ನ ಬಾಲ್ಯದ ಗೆಳೆಯನಿಗೂ ಶರಣು ಶರಣಾರ್ಥಿಗಳು.