ಒಂದು ಮನೆಗೆ ಎರಡು ಮಾಡು

ನಮ್ಮ ಕರಾವಳಿಯಲ್ಲಿ ಈಗ ಒಂದೇ ಮನೆಗೆ ಎರಡು ಮಾಡು. ಕೆಳಗೆ ಆರ್‌ಸಿಸಿ ತಾರಸಿ, ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಬಣ್ಣದ ಶೀಟು. ಬಟ್ಟೆ ಒಣಗಿಸಲು, ಕಟ್ಟಿಗೆ ಇಡಲು ಅಂತ ಹೇಳುತ್ತಾರೆ. ಹೆಚ್ಚಿನವರು ಹಾಕಿಸಿದ್ದು ಮನೆ ಸೋರುತ್ತದೆ ಅಂತಲೇ.

ನಮ್ಮ ಮನೆಯಲ್ಲೂ ಈಗ ಇದೇ ಚರ್ಚೆ. ನಮ್ಮದು ಅಜ್ಜನ ಕಾಲದ ಹಂಚಿನ ಮನೆ. ಬೆಂಗಳೂರಿನಲ್ಲಿರುವ ಅಣ್ಣನಿಗೆ ಹಂಚು ಇಳಿಸಿ ತಾರಸಿ ಮಾಡಿಸುವ ಆಸೆ. ಸಾಲಕ್ಕೂ ಕೇಳಿದ್ದಾನೆ. ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಮಂಗಗಳು ಹಾರಿ ಹಂಚು ಒಡೆಯುತ್ತವೆ, ಮಾಡು ಹತ್ತುವ ಆಳು ಸಿಗುವುದಿಲ್ಲ, ಮಳೆಗಾಲದ ರಾತ್ರಿ ಅಮ್ಮ ಒಬ್ಬಳೇ ಎದ್ದು ಪಾತ್ರೆ ಇಡಬೇಕು.

ಆದರೂ ಹಂಚಿನ ಗುಣ ದೊಡ್ಡದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಲ್ಲಿಂದ ಹರಡಿದ ಈ ಹಂಚು ನೀರನ್ನು ನಿಲ್ಲಲು ಬಿಡುವುದೇ ಇಲ್ಲ. ಒಂದರ ಅಂಚು ಇನ್ನೊಂದರ ಮೇಲೆ ಕೂರುತ್ತದೆ, ನೀರು ಜಾರಿ ಅಂಗಳಕ್ಕೆ ಬೀಳುತ್ತದೆ. ಒಡೆದರೆ ಅದೊಂದನ್ನು ಬದಲಿಸಿದರಾಯಿತು.

ತಾರಸಿಯಲ್ಲಿ ಹಾಗಲ್ಲ. ಹನಿ ಬೀಳುವುದು ಚಾವಡಿಯಲ್ಲಿ, ಬಿರುಕು ಅಡುಗೆಕೋಣೆಯ ಮೇಲಿರಬಹುದು. ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಕೂದಲೆಳೆಯಂಥ ಬಿರುಕು ಏಳುತ್ತದೆ. ಅದರಲ್ಲಿ ಇಳಿದ ನೀರು ಒಳಗಿನ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಸರಳು ಊದಿಕೊಂಡು ಕೆಳಗಿನ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಚಾವಣಿಯಲ್ಲಿ ಕಂದು ಕಲೆ ಕಂಡರೆ ಸುಣ್ಣ ಬಳಿದು ಸುಮ್ಮನಾಗಬೇಡಿ, ಹೆದರಬೇಕಾದದ್ದು ಇದಕ್ಕೆ.

ಪಕ್ಕದ ಮನೆಯ ದೊಡ್ಡಮ್ಮ ಎರಡು ಬೇಸಗೆ ವಾಟರ್‌ಪ್ರೂಫ್ ಬಣ್ಣ ಬಳಿಸಿದರು. ಎರಡು ಸಲವೂ ಹಪ್ಪಳದ ಹಾಗೆ ಎದ್ದು ಬಂತು. ಪಾಚಿ ಸರಿಯಾಗಿ ಉಜ್ಜಿರಲಿಲ್ಲ, ತಾರಸಿ ಪೂರ್ತಿ ಒಣಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ ನಡುವೆ ತಗ್ಗಿತ್ತು, ಮಳೆಗಾಲವಿಡೀ ನೀರು ಅಲ್ಲೇ. ನೀರು ನಿಲ್ಲುವ ಕಡೆ ಯಾವ ಬಣ್ಣವೂ ಹೆಚ್ಚು ಬಾಳುವುದಿಲ್ಲ. ಕೊನೆಗೆ ಅವರೂ ಶೀಟು ಹಾಕಿಸಿದರು. ಮಾಡಿಗೆ ಎರಡೆರಡು ಸಲ ದುಡ್ಡು! ಆ ಶೀಟಿನ ಸ್ಕ್ರೂಗಳಿಗಿರುವ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಸೀಳಿದರೆ ಅಲ್ಲೂ ಹನಿ ಶುರು.

ಅಣ್ಣನಿಗೆ ಫೋನಿನಲ್ಲಿ ಹೇಳಿದೆ, ತಾರಸಿಯೇ ಬೇಕಾದರೆ 10 ಅಡಿಗೆ 1 ಇಂಚಿಗೆ ಕಡಿಮೆಯಿಲ್ಲದ ಇಳಿಜಾರು ಕೊಡಿಸು. ನೀರು ಹೋಗುವ ಪೈಪು ಎರಡಾದರೂ ಇರಲಿ, ಒಂದರಲ್ಲಿ ಎಲೆ ಕಟ್ಟಿಯೇ ಕಟ್ಟುತ್ತದೆ. ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮೊದಲು ಪೈಪಿಗೆ ಬಟ್ಟೆ ತುರುಕಿ, 2 ದಿನ ತಾರಸಿಯಲ್ಲಿ ನೀರು ನಿಲ್ಲಿಸಿ ಕೆಳಗಿನಿಂದ ನೋಡು.

ಅಮ್ಮನ ಲೆಕ್ಕ ಬೇರೆ. ಗೆದ್ದಲು ತಿಂದ ನಾಲ್ಕು ಪಕಾಸು, ಒಂದಷ್ಟು ರೀಪು ಬದಲಿಸಿದರೆ ತನ್ನ ಕಾಲಕ್ಕೆ ಸಾಕಂತೆ. ಬಡಗಿ ಷಷ್ಠಿ ಕಳೆದ ಮೇಲೆ ಬರುತ್ತೇನೆ ಅಂದಿದ್ದಾರೆ. ಅಣ್ಣ ಇನ್ನೂ ಏನೂ ಹೇಳಿಲ್ಲ.