ಮುಖಮುದ್ರೆ

ಹಿಂದೆ ಮನುಷ್ಯನಿಗೆ ಒಂದೇ ಮುಖವಿತ್ತು. ಅದನ್ನು ತೊಳೆದು, ತಲೆ ಬಾಚಿಕೊಂಡರೆ ಲೋಕದ ಮುಂದೆ ನಿಲ್ಲಲು ಸಾಕಾಗುತ್ತಿತ್ತು. ಈಗ ಎರಡನೆಯದೊಂದು ಬೇಕು. ಉಗುರಿನಷ್ಟಗಲದ ವೃತ್ತದಲ್ಲಿ ಕುಳಿತು, ನಾವು ನಿದ್ರಿಸುತ್ತಿರುವಾಗಲೂ ಕಂಡವರಿಗೆಲ್ಲ ನಮ್ಮ ಪರವಾಗಿ ನಮಸ್ಕಾರ ಹೇಳುವ ಮುಖ ಅದು. ವಾಟ್ಸ್‌ಆ್ಯಪಿನಲ್ಲಿ ಅದಕ್ಕೆ ಡಿ.ಪಿ. ಎಂದು ಹೆಸರು.

ನಮ್ಮ ಕಾಲೇಜಿನ ಹಿರಿಯ ಅಧ್ಯಾಪಕರೊಬ್ಬರ ಡಿ.ಪಿ. ಸೂರ್ಯೋದಯ, ಕಚೇರಿಯ ಗುಮಾಸ್ತರದು ಎರಡು ವರ್ಷದ ಮೊಮ್ಮಗಳು. ಅವರು ಸಂದೇಶ ಕಳುಹಿಸಿದಾಗಲೆಲ್ಲ, ಹಾಲುಹಲ್ಲಿನ ಮಗುವೊಂದು ಪರೀಕ್ಷಾ ಶುಲ್ಕದ ಬಾಕಿಯನ್ನು ಕುರಿತು ಎಚ್ಚರಿಸುತ್ತಿರುವಂತೆ ಭಾಸವಾಗುತ್ತದೆ.

ನಮ್ಮಂಥವರಿಗೆ ಇದು ವಿನೋದ. ಉದ್ಯೋಗ ಅರಸುವ ಮಕ್ಕಳಿಗೆ ಹಾಗಲ್ಲ. ಅಂತಿಮ ವರ್ಷದವರಿಗೆ ತರಬೇತಿ ಕೊಡಲು ಬಂದಿದ್ದ ಯುವಕರೊಬ್ಬರು, “ನೂರು ಮುಖಗಳ ನಡುವೆ ನಿಮ್ಮದು ಎದ್ದು ಕಾಣಬೇಕು, ನೀವೇ ಒಂದು ಬ್ರ್ಯಾಂಡ್” ಎಂದು ಬೋಧಿಸಿದರು. ಚೌಕದ ಚಿತ್ರವನ್ನು ವೃತ್ತದಲ್ಲಿ ಕೂರಿಸಿದಾಗ ಮೂಲೆಗಳು ಹೋಗುತ್ತವೆ, ಆದ್ದರಿಂದ ಮುಖ ನಡುವೆ ಇರಲಿ. ಹಿನ್ನೆಲೆಗೆ ಉಡುಪಿನ ಬಣ್ಣದಿಂದ ಬೇರೆಯಾದ ಬರಿಯ ಗೋಡೆ ಸಾಕು. ನಡುಹಗಲಿನ ಬಿಸಿಲಿಗಿಂತ ಕಿಟಕಿಯ ಬೆಳಕು ಮೇಲು. ಫೋನನ್ನು ಮುಖಕ್ಕೆ ತೀರ ಹತ್ತಿರ ಹಿಡಿದರೆ ಮೂಗು ಉಬ್ಬಿ ಕಾಣುವುದು, ಗೆಳೆಯರೊಬ್ಬರು ನಾಲ್ಕೈದು ಅಡಿ ದೂರದಿಂದ ತೆಗೆಯಲಿ. ಈ ಮಾತುಗಳಲ್ಲಿ ಅಲ್ಲಗಳೆಯತಕ್ಕದ್ದೇನೂ ಇರಲಿಲ್ಲ.

ಮರುವಾರ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಚಿತ್ರವನ್ನು ತೋರಿಸಿದಳು. ಎದುರಿಗೆ ನಿಂತವಳದು ಎಣ್ಣೆಗಪ್ಪು ಬಣ್ಣದ, ಲಕ್ಷಣವಾದ ಮುಖ. ಚಿತ್ರದಲ್ಲಿದ್ದುದು ಮೈದಾಹಿಟ್ಟಿನ ಮುಖ. “ಆ್ಯಪಿನಲ್ಲಿ ಒಂದು ಗುಂಡಿ ಒತ್ತಿದರೆ ಹೀಗಾಗುತ್ತದೆ ಸರ್. ಬೆಳ್ಳಗಿದ್ದರೆ ಎದ್ದು ಕಾಣುತ್ತದಂತೆ” ಎಂದಳು. ಅವಳ ಗೆಳತಿಯರೂ ಅದೇ ಗುಂಡಿಯನ್ನು ಒತ್ತಿದ್ದರು. ಎದ್ದು ಕಾಣಹೊರಟವರೆಲ್ಲ ಒಂದೇ ಅಚ್ಚಿನ ಬೊಂಬೆಗಳಾಗಿದ್ದರು!

ಕನ್ನಡ ಮೇಷ್ಟರ ಬಾಯಿಗೆ ಆಗ ಪಂಪನಲ್ಲದೆ ಮತ್ತಾರು ಬರಬೇಕು? ಆದಿಪುರಾಣವನ್ನು ಕ್ರಿ.ಶ. 941ರಲ್ಲಿ ಮುಗಿಸಿದ ಆ ಮಹಾಕವಿ ತನ್ನ ರೂಪವನ್ನು ತಾನೇ ಬಣ್ಣಿಸಿಕೊಂಡಿದ್ದಾನೆ. ಬಾಳೆಯ ತಿರುಳನ್ನು ಹೋಲುವ ಶ್ಯಾಮಲ ವರ್ಣ, ಮೃದುವಾದ ಗುಂಗುರುಗೂದಲು, ಹಿತಮಿತವಾದ ಮಾತು—ಇವು ಅವನು ತನ್ನಲ್ಲಿ ಎಣಿಸಿದ ಲಕ್ಷಣಗಳು. ಕಪ್ಪನ್ನು ಮರೆಸಲಿಲ್ಲ, ಪಟ್ಟಿಯ ತಲೆಯಲ್ಲಿಯೇ ಇಟ್ಟನು.

ಹುಡುಗಿ ನಕ್ಕಳು. “ಪಂಪನಿಗೆ ಅರಿಕೇಸರಿಯಂಥ ಅರಸ ಸಿಕ್ಕಿದ ಸರ್. ನಮ್ಮನ್ನು ಆರಿಸುವವರು ಹಾಗಿರುತ್ತಾರೆಯೇ?”

ಪ್ರಶ್ನೆ ಸಣ್ಣದಲ್ಲ. ಆಕೆಯ ಮನೆಯಲ್ಲಿ ಬರಲಿರುವ ಸಂಬಳವನ್ನು ನೆಚ್ಚಿ ಈಗಾಗಲೇ ಸಾಲ ಮಾಡಿದ್ದಾರೆ. ಬಣ್ಣವನ್ನು ನೋಡಿ ಮನುಷ್ಯರನ್ನು ಅಳೆಯುವವರು ಲೋಕದಲ್ಲಿಲ್ಲವೆಂದು ನಾನು ಯಾವ ಬಾಯಿಂದ ಹೇಳಲಿ? “ಸಂದರ್ಶನದ ಕೋಣೆಗೆ ಹೋಗುವುದು ಮೊದಲನೆಯ ಮುಖವಮ್ಮ. ಎರಡಕ್ಕೂ ಹೊಂದಿಕೆಯಾಗದಿದ್ದರೆ ಅವರು ಸಂಶಯಪಡುವುದು ನಿನ್ನ ಬಣ್ಣವನ್ನಲ್ಲ, ನಿನ್ನ ಮಾತನ್ನು” ಎಂದಷ್ಟೇ ಹೇಳಿದೆನು. ಎರಡು ದಿನ ಕಳೆದು ಅವಳ ಡಿ.ಪಿ. ಬದಲಾಯಿತು: ಗ್ರಂಥಾಲಯದ ಕಿಟಕಿ, ಹಳದಿ ಗೋಡೆ, ಹುಟ್ಟಿನಿಂದ ಬಂದ ಬಣ್ಣ. ಆ ಬೊಂಬೆಗಳ ಸಾಲಿನಲ್ಲಿ ನಿಜವಾಗಿ ಎದ್ದು ಕಂಡದ್ದು ಅದೊಂದೇ. ಉದ್ಯೋಗದ ಸುದ್ದಿ ಇನ್ನೂ ಬರಬೇಕು.

ಬ್ರ್ಯಾಂಡ್ ಎಂಬ ಇಂಗ್ಲಿಷ್ ಮಾತಿನ ಮೂಲದಲ್ಲಿ ಬೆಂಕಿಯಿದೆ. ದನಗಳ ಮೈಗೆ ಕಾದ ಕಬ್ಬಿಣದಿಂದ ಒತ್ತಿದ ಒಡೆಯನ ಗುರುತಿಗೂ ಅದೇ ಹೆಸರು. ನಮ್ಮಲ್ಲಿಯೂ ಮುದ್ರೆಯೆಂಬ ಮಾತುಂಟು. ವಚನಕಾರರ ಅಂಕಿತಕ್ಕೆ ಅದು ಸಲ್ಲುತ್ತದೆ. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರೆಂದು ತಿಳಿಯುತ್ತದೆ. ಅಲ್ಲಿ ಅವರ ಹೆಸರೂ ಇಲ್ಲ, ಮುಖವೂ ಇಲ್ಲ. ಆ ಮುದ್ರೆ ಬರುವುದು ವಚನದ ಕೊನೆಗೆ. ಮೊದಲು ಬರಬೇಕಾದುದು ವಚನವೇ.